ಕಡಿದ ಹಗ್ಗ, ಮತ್ತೆ ಹಾಕಿದ ಗಂಟು: ಯಹೂದಿ ಅನುಭಾವದಲ್ಲಿ ಪಶ್ಚಾತ್ತಾಪ

ಓದುಗರ ಪ್ರಶ್ನೆ: ಮನುಷ್ಯನ ಆತ್ಮ ದೇವರದೇ ಒಂದು ಪಾಲು ಅಂತ ಯಹೂದಿ ಅನುಭಾವಿಗಳು ಹೇಳುತ್ತಾರಂತೆ. ಹಾಗಿದ್ದ ಮೇಲೆ ಆ ಆತ್ಮ ಪಾಪ ಮಾಡುವುದು ಹೇಗೆ? ಪಾಪ ಮಾಡಿದರೆ ದೇವರ ಜೊತೆಗಿನ ನಂಟು ಕಡಿದು ಹೋಗುತ್ತಾ? ಪಶ್ಚಾತ್ತಾಪಕ್ಕೆ ಉಪವಾಸ, ದೇಹದಂಡನೆ ಎಲ್ಲ ಬೇಕಾ, ಸುಮ್ನೆ ಮನಸ್ಸಿನಲ್ಲಿ ನೊಂದುಕೊಂಡರೆ ಸಾಕಾ? ಯಹೂದಿಯಲ್ಲದವರಿಗೂ ಇದು ಅನ್ವಯಿಸುತ್ತಾ?

ಉತ್ತರ:

ನಿಮ್ಮ ಎರಡನೇ ಪ್ರಶ್ನೆಯೇ ಇಲ್ಲಿ ಮುಖ್ಯ. ಅದನ್ನು ಬಿಡಿಸಿದರೆ ಉಳಿದವು ಸಲೀಸು. ಆದರೆ ಮೊದಲು ಒಂದು ಎಚ್ಚರಿಕೆ. ಯಹೂದಿ ಅನುಭಾವ, ಅಂದರೆ ಕಬ್ಬಾಲಾ, ಒಂದೇ ಬಾಯಲ್ಲಿ ಮಾತಾಡುವ ಪರಂಪರೆಯಲ್ಲ. 13ನೇ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ಬೆಳಕಿಗೆ ಬಂದ ಜೋಹರ್ ಎಂಬ ಗ್ರಂಥ ಒಂದು ಕಡೆ. 16ನೇ ಶತಮಾನದಲ್ಲಿ ಗಲಿಲೀಯದ ಸಫೆದ್ ಎಂಬ ಬೆಟ್ಟದೂರಿನಲ್ಲಿ ಸೇರಿದ ಗುರುಗಳು ಇನ್ನೊಂದು ಕಡೆ. 18ನೇ ಶತಮಾನದಲ್ಲಿ ಪೂರ್ವ ಯುರೋಪಿನಲ್ಲಿ ಹಬ್ಬಿದ ಹಸೀದಿಗಳೆಂಬ ಭಕ್ತಿಪಂಥದವರದು ಮತ್ತೊಂದು ದಾರಿ. ಎಲ್ಲವನ್ನೂ ಒಟ್ಟಿಗೆ ಕಲಸಿಬಿಟ್ಟರೆ ಏನೂ ಕೈಗೆ ಹತ್ತುವುದಿಲ್ಲ.

ಹಾಗಾಗಿ ಒಂದೇ ಒಂದು ಚಿಕ್ಕ ಕೃತಿಯನ್ನು ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. ಅದರ ಹೆಸರು ‘ಇಗ್ಗೆರೆತ್ ಹತೆಶುವಾ’, ಪಶ್ಚಾತ್ತಾಪದ ಬಗ್ಗೆ ಬರೆದ ಓಲೆ. ಬರೆದವರು ಹಬಾದ್ ಎಂಬ ಹಸೀದಿ ಪಂಥದ ಮೂಲಪುರುಷ, ಲಿಯಾದಿಯ ಶ್ನಿಯೊರ್ ಜಲ್ಮನ್ (1745–1812). ಅವರ ‘ತನ್ಯಾ’ ಗ್ರಂಥ 1796ರಲ್ಲಿ ಸ್ಲಾವಿತಾದಲ್ಲಿ ಅಚ್ಚಾಯಿತು. ಈ ಓಲೆ 1799ರ ಮುದ್ರಣದಲ್ಲಿ ಅದರ ಜೊತೆ ಸೇರಿತು. ತಿದ್ದಿ ಬೆಳೆಸಿದ ರೂಪ 1806ರಲ್ಲಿ ಬಂತು. ಬರೀ ಹನ್ನೆರಡು ಅಧ್ಯಾಯ. ಯಹೂದಿ ಧರ್ಮಗುರುಗಳ (ರಬ್ಬಿಗಳ) ಚರ್ಚೆ, ಕಾನೂನು, ಕಥೆಗಳ ಹಳೆಯ ಸಂಗ್ರಹವಾದ ತಾಲ್ಮುಡ್, ಜೋಹರ್, ಸಫೆದಿನ ಗುರುಗಳು, ಎಲ್ಲರೂ ಅಷ್ಟರಲ್ಲೇ ಬಂದು ಹೋಗುತ್ತಾರೆ.

ಆತ್ಮ ದೇವರ ಪಾಲು ಅನ್ನುವ ಮಾತಿಗೆ ಬರೋಣ. ಬೈಬಲ್ಲಿನ ಆದಿಕಾಂಡದಲ್ಲಿ ದೇವರು ಮಾತಿನಿಂದ ಲೋಕ ಮಾಡುತ್ತಾನೆ. ಬೆಳಕಾಗಲಿ ಅಂದ, ಬೆಳಕಾಯಿತು. ಮನುಷ್ಯನಿಗೆ ಜೀವ ಕೊಡುವಾಗ ಮಾತ್ರ ಮಾತಾಡುವುದಿಲ್ಲ. ಮಣ್ಣಿನಿಂದ ರೂಪಿಸಿದವನ ಮೂಗಿನೊಳಗೆ ಉಸಿರು ಊದುತ್ತಾನೆ. ಶ್ನಿಯೊರ್ ಜಲ್ಮನ್ ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ದಿನವಿಡೀ ಮಾತಾಡಿದರೂ ಅಂಥ ದಣಿವಾಗುವುದಿಲ್ಲ. ಜೋರಾಗಿ ಊದಿ ನೋಡಿ, ನಾಲ್ಕೇ ಸಲಕ್ಕೆ ಸುಸ್ತು. ಊದುವವನು ತನ್ನ ಒಳಗಿನಿಂದಲೇ ಊದುತ್ತಾನೆ ಅನ್ನುವುದು ಈ ಪರಂಪರೆಯ ಪ್ರಸಿದ್ಧ ಮಾತು. ಲೋಕವೆಲ್ಲ ದೇವರ ಮಾತಿನಿಂದ ಬಂತು, ಆತ್ಮ ಮಾತ್ರ ಅವನ ಒಡಲಿನಿಂದ ಬಂತು ಎಂದು ಅರ್ಥ.

ಇಷ್ಟು ಕೇಳಿದ ಕೂಡಲೇ ನಮ್ಮಲ್ಲಿ ಅನೇಕರಿಗೆ ‘ಅಹಂ ಬ್ರಹ್ಮಾಸ್ಮಿ’ ನೆನಪಾಗುತ್ತದೆ. ಸ್ವಲ್ಪ ತಡೆಯಿರಿ. ನಾನೇ ದೇವರು ಎಂದು ಅರಿಯುವುದು ಇವರ ಗುರಿಯಲ್ಲ. ಆಜ್ಞೆ ಕೊಟ್ಟವನೊಬ್ಬ, ನಡೆಸಬೇಕಾದವನೊಬ್ಬ, ಹೀಗೆ ಎರಡು ತುದಿಗಳು ಉಳಿದೇ ಉಳಿಯುತ್ತವೆ. ನಡುವೆ ಹಗ್ಗ ಬೇಕಾಗಿರುವುದೂ ಅದಕ್ಕೇ.

ಹಗ್ಗ ನನ್ನ ಉಪಮೆಯಲ್ಲ, ಅವರದೇ. ಧರ್ಮೋಪದೇಶಕಾಂಡದ 32ನೇ ಅಧ್ಯಾಯದ ಒಂದು ಸಾಲಿನಲ್ಲಿ ಯಾಕೋಬನನ್ನು ದೇವರ ಸ್ವತ್ತಿನ ‘ಹಗ್ಗ’ ಎಂದು ಓದಬಹುದು. ಆ ಸಾಲನ್ನೇ ಓಲೆ ಚಿತ್ರ ಮಾಡಿಕೊಳ್ಳುತ್ತದೆ. ಹಗ್ಗದ ಮೇಲಿನ ತುದಿ ಮೇಲೆ ಕಟ್ಟಿದೆ, ಕೆಳಗಿನ ತುದಿ ಮನುಷ್ಯನಿಗೆ ಕಟ್ಟಿದೆ. ಹಗ್ಗ ಹೊಸೆದಿರುವುದು 613 ಎಳೆಗಳಿಂದ. ಟೋರಾದಲ್ಲಿ, ಅಂದರೆ ಬೈಬಲ್ಲಿನ ಮೊದಲ ಐದು ಪುಸ್ತಕಗಳಲ್ಲಿ, ಇರುವ ಆಜ್ಞೆಗಳೂ 613, ಮಾಡು ಅನ್ನುವವು 248, ಬೇಡ ಅನ್ನುವವು 365. ಒಂದು ಆಜ್ಞೆ ಮೀರಿದರೆ ಒಂದು ಎಳೆ ಹರಿಯುತ್ತದೆ. ಹಗ್ಗ ಹಾಗೇ ಇರುತ್ತದೆ, ಆದರೆ ಸೊರಗುತ್ತದೆ.

ಕೆಲವು ಪಾಪಗಳ ಕಥೆ ಬೇರೆ. ಪ್ರಾಯಶ್ಚಿತ್ತದ ಉಪವಾಸದ ದಿನವಾದ ಯೋಮ್ ಕಿಪ್ಪುರಿನಂದು ಬೇಕಂತಲೇ ಉಂಡವನಿಗೆ, ಪಸ್ಕ ಹಬ್ಬದಲ್ಲಿ ಹುಳಿ ಹಿಟ್ಟು ತಿಂದವನಿಗೆ ಬೈಬಲ್ಲು ಹೇಳುವ ಶಿಕ್ಷೆ ‘ಕಾರೇತ್’, ಅಂದರೆ ಆತ್ಮವನ್ನು ಕತ್ತರಿಸಿ ಹಾಕುವುದು. ಅಲ್ಲಿ ಹಗ್ಗವೇ ಕಡಿಯಿತು. ಅಂಥವನು ಐವತ್ತು ದಾಟುವುದಿಲ್ಲ ಎಂದು ತಾಲ್ಮುಡ್ ಲೆಕ್ಕ ಹಾಕಿತ್ತು. ಒಳಗೆ ಉಳಿದ ಆತ್ಮದ ಗುರುತಿನ ಮೇಲೆ ಅಷ್ಟು ದಿನ ಬದುಕುತ್ತಾನೆ, ಆಮೇಲೆ ಮುಗಿಯಿತು ಎಂಬ ವಿವರಣೆ ಓಲೆಯಲ್ಲಿದೆ.

ಇಲ್ಲಿ ಯಾರಾದರೂ ಕೇಳಲೇಬೇಕಾದ ಪ್ರಶ್ನೆ ಇದೆ ಅಲ್ವಾ? ಎಲ್ಲ ಆಜ್ಞೆಗಳನ್ನೂ ಗಾಳಿಗೆ ತೂರಿದವರು ಎಂಬತ್ತು, ತೊಂಬತ್ತು ವರ್ಷ ಗಟ್ಟಿಮುಟ್ಟಾಗಿ ಬಾಳುತ್ತಾರಲ್ಲ? ಶ್ನಿಯೊರ್ ಜಲ್ಮನ್ ಈ ಪ್ರಶ್ನೆಯಿಂದ ಜಾರಿಕೊಳ್ಳುವುದಿಲ್ಲ. ಯೆರೂಸಲೇಮಿನ ದೇವಾಲಯ ನಿಂತಿದ್ದ ಕಾಲದಲ್ಲಿ ಜೀವಶಕ್ತಿ ನೇರವಾಗಿ ಆ ಹಗ್ಗದ ಮೂಲಕವೇ ಇಳಿಯುತ್ತಿತ್ತು, ಹಗ್ಗ ಕಡಿದರೆ ಜೀವ ನಿಲ್ಲುತ್ತಿತ್ತು ಅನ್ನುತ್ತಾರೆ. ದೇವಾಲಯ ಬಿದ್ದ ಮೇಲೆ ದೇವರ ಸಾನ್ನಿಧ್ಯ, ಅವರ ಮಾತಿನಲ್ಲಿ ‘ಶೆಖೀನಾ’, ತಾನೂ ಗಡಿಪಾರಾಯಿತು. ಈಗ ಅದೇ ಶಕ್ತಿ ಕತ್ತಲೆಯ ‘ಸಿಪ್ಪೆ’ಗಳ, ಅಂದರೆ ದೇವರ ಬೆಳಕನ್ನು ಮುಚ್ಚುವ ಕೆಟ್ಟ ಶಕ್ತಿಗಳ, ಮೂಲಕ ಸುತ್ತುಬಳಸಿ ಇಳಿಯುತ್ತದೆ. ಆ ದಾರಿಯಲ್ಲಿ ಒಳ್ಳೆಯವನೂ ಕುಡಿಯುತ್ತಾನೆ, ಕೆಟ್ಟವನೂ ಕುಡಿಯುತ್ತಾನೆ. ಕೆಟ್ಟವನು ಜಾಸ್ತಿಯೇ ಕುಡಿಯಬಹುದು!

ಇದು ಬರೀ ಜಾಣ ಸಮಜಾಯಿಷಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ, ಯಾಕೆಂದರೆ ಇದರ ಬೆಲೆಯನ್ನೂ ಅವರು ಹೇಳುತ್ತಾರೆ. ಪಾಪ ಮಾಡಲು ಎತ್ತುವ ಕೈಗೂ ಶಕ್ತಿ ಬರುವುದು ದೇವರಿಂದಲೇ. ಅಂದರೆ ಪಾಪ ಮಾಡುವವನು ದೇವರ ಶಕ್ತಿಯನ್ನೇ ಕೊಳಕಿಗೆ ಎಳೆಯುತ್ತಾನೆ. ರಾಜನ ತಲೆ ಹಿಡಿದು, ಕೆಳಕ್ಕೆಳೆದು, ಪಾಯಿಖಾನೆಯ ಹೇಲಿನಲ್ಲಿ ಅವನ ಮುಖ ಒತ್ತಿದ ಹಾಗೆ ಎಂದು ತನ್ಯಾ ಹೇಳುತ್ತದೆ. ಸಭ್ಯ ಅನುವಾದಗಳು ಈ ಚಿತ್ರವನ್ನು ಮೆತ್ತಗೆ ಮಾಡುತ್ತವೆ. ಮೂಲ ಹೀಗೇ ಇದೆ. ಪಾಪಿ ನರಕಕ್ಕೆ ಹೋಗುತ್ತಾನೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಈಗ ಈ ಗಳಿಗೆಯಲ್ಲಿ ದೇವರಿಗೇ ಅವಮಾನ ಆಗುತ್ತಿದೆ ಅನ್ನುವುದು ಇವರ ಸಂಕಟ.

ಸಫೆದಿನ ಮೋಶೆ ಕೊರ್ದೊವೆರೊ (1522–1570) ಇದೇ ವಿಷಯವನ್ನು ತಿರುಗಿಸಿ ನೋಡಿದ್ದರು. ಪಾಪ ಮಾಡುತ್ತಿರುವ ಆ ಕ್ಷಣದಲ್ಲೇ ದೇವರು ಆ ಕೈಗೆ ಜೀವ ಕೊಡುವುದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸುವುದಿಲ್ಲ. ಅವಮಾನ ನುಂಗಿಕೊಂಡು ಕೊಡುತ್ತಲೇ ಇರುತ್ತಾನೆ. ಮನುಷ್ಯ ಕಲಿಯಬೇಕಾದ ಮೊದಲ ಗುಣ ಇದೇ ಎಂದು ತಮ್ಮ ‘ತೋಮೆರ್ ದೆವೊರಾ’ದಲ್ಲಿ ಬರೆದರು.

ನಿಮ್ಮ ಮೊದಲ ಪ್ರಶ್ನೆ: ದೇವರ ಪಾಲಾದ ಆತ್ಮ ಪಾಪ ಮಾಡುವುದು ಹೇಗೆ? ಚುಟುಕಾಗಿ ಹೇಳಿದರೆ, ಅದು ಮಾಡುವುದಿಲ್ಲ. ತನ್ಯಾದ ಪ್ರಕಾರ ಒಬ್ಬನೊಳಗೆ ಎರಡು ಆತ್ಮಗಳಿವೆ. ಒಂದು ಪ್ರಾಣಿಸಹಜವಾದ ಆತ್ಮ, ಹಸಿವು, ಸಿಟ್ಟು, ಆಸೆ ಎಲ್ಲ ಅದರದು. ಇನ್ನೊಂದು ದೈವಿಕ ಆತ್ಮ. ಇವೆರಡೂ ಒಂದೇ ಮೈಗಾಗಿ ದಿನವೂ ಜಗಳವಾಡುತ್ತವೆ. ತಲೆಯಲ್ಲಿ ಮಂಕು ಹೊಕ್ಕ ಹೊರತು ಯಾರೂ ಪಾಪ ಮಾಡುವುದಿಲ್ಲ ಎಂದು ತಾಲ್ಮುಡ್ ಹೇಳಿತ್ತು. ಆ ಮಂಕಿನ ಹೊತ್ತಿನಲ್ಲೂ ದೈವಿಕ ಆತ್ಮ ದೇವರಿಗೆ ನಿಷ್ಠವಾಗಿಯೇ ಇರುತ್ತದೆ, ಆದರೆ ಸೆರೆಯಾಳಿನಂತೆ ಎಳೆದಲ್ಲಿಗೆ ಹೋಗುತ್ತದೆ ಅನ್ನುವುದು ತನ್ಯಾದ ನಿಲುವು. ಪಶ್ಚಾತ್ತಾಪದ ಸಾಧ್ಯತೆ ನಿಂತಿರುವುದು ಈ ನಿಷ್ಠೆಯ ಮೇಲೆ. 20ನೇ ಶತಮಾನದಲ್ಲಿ ಅಬ್ರಹಾಂ ಯಿತ್ಸಾಕ್ ಕುಕ್ (1865–1935) ಕೂಡ ಇದೇ ಜಾಡಿನಲ್ಲಿ ಹೋದರು. ಮನುಷ್ಯ ಮೊದಲು ತನ್ನ ಕಡೆಗೆ, ತನ್ನ ಆತ್ಮದ ಬೇರಿನ ಕಡೆಗೆ ಮರಳಬೇಕು, ದೇವರ ಕಡೆಗೆ ಮರಳುವುದು ಅದರಿಂದಲೇ ಎಂದರು.

ಈಗ ಉಪವಾಸದ ಮಾತು. ಪಶ್ಚಾತ್ತಾಪ ಅಂದರೆ ಉಪವಾಸ ಎಂದು ತಿಳಿಯುವುದು ತಪ್ಪು ಅಂತ ಓಲೆ ತನ್ನ ಮೊದಲ ಅಧ್ಯಾಯದಲ್ಲೇ ಹೇಳಿಬಿಡುತ್ತದೆ. ಹೀಬ್ರೂವಿನ ‘ತೆಶುವಾ’ ಅಂದರೆ ಮರಳುವುದು. ಟೋರಾ ಕೇಳುವ ತೆಶುವಾ ಒಂದೇ: ಆ ಕೆಲಸ ಬಿಡು. ಮತ್ತೆ ಆ ದಡ್ಡತನಕ್ಕೆ ಹೋಗುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡು. ತಾಲ್ಮುಡ್ ಕೊಡುವ ಉದಾಹರಣೆ ನನಗೆ ಬಹಳ ಇಷ್ಟ. ಬಡ್ಡಿ ವ್ಯಾಪಾರಿ ಮರಳಿದ ಅಂತ ಯಾವಾಗ ಹೇಳಬಹುದು? ಅವನು ಅತ್ತಾಗ ಅಲ್ಲ, ಸಾಲಪತ್ರಗಳನ್ನು ಹರಿದು ಹಾಕಿದಾಗ. ಜೂಜುಗಾರ? ದಾಳ ಮುರಿದಾಗ. 12ನೇ ಶತಮಾನದ ಮೈಮೊನಿಡೀಸ್ ಕಬ್ಬಾಲಿಗರಲ್ಲ, ಕಟ್ಟಾ ತರ್ಕವಾದಿ. ಅವರೂ ಇದೇ ನೆಲದ ಮೇಲೆ ನಿಂತು ನಾಲ್ಕು ಅಂಗ ಹೇಳಿದರು: ಪಾಪ ಬಿಡುವುದು, ಮುಂದೆ ಮಾಡೆನೆಂಬ ನಿರ್ಧಾರ, ಆದದ್ದಕ್ಕೆ ನೋವು, ಬಾಯಿಬಿಟ್ಟು ಒಪ್ಪಿಕೊಳ್ಳುವುದು. ಪೂರ್ತಿ ತೆಶುವಾದ ಗುರುತು ಏನು? ಅದೇ ಅವಕಾಶ ಮತ್ತೆ ಬಂದಿದೆ, ಮಾಡುವ ಶಕ್ತಿಯೂ ಇದೆ, ಆದರೂ ಮಾಡಲಿಲ್ಲ. ಮುದಿಯಾಗಿ ಕೈಲಾಗದೆ ಬಿಟ್ಟದ್ದಕ್ಕೆ ಅಷ್ಟು ಅಂಕ ಇಲ್ಲ.

ಹಾಗಾದರೆ ಉಪವಾಸ ಎಲ್ಲಿಂದ ಬಂತು? ಮುಖ್ಯವಾಗಿ ಸಫೆದಿನ ಯಿತ್ಸಾಕ್ ಲೂರಿಯಾ (1534–1572) ಅವರಿಂದ. ಅವರು ತಾವೇ ಹೆಚ್ಚೇನೂ ಬರೆಯಲಿಲ್ಲ. ಶಿಷ್ಯ ಹಯ್ಯಿಂ ವಿಟಾಲ್ ಬರೆದಿಟ್ಟದ್ದೇ ಜಾಸ್ತಿ. ಒಂದೊಂದು ಪಾಪವೂ ಮೇಲಿನ ಲೋಕಗಳಲ್ಲಿ ಒಂದೊಂದು ಕಡೆ ಹಾನಿ ಮಾಡುತ್ತದೆ, ಅದನ್ನು ಸರಿಪಡಿಸಲು ಇಷ್ಟು ಉಪವಾಸ ಎಂದು ಲೂರಿಯಾ ಲೆಕ್ಕ ಕಲಿಸಿದರು. ಸಿಟ್ಟಿಗೆ 151. ಅಂದರೆ ಒಂದು ಸಲ ಸಿಟ್ಟಾದರೆ ಐದು ತಿಂಗಳ ಊಟಕ್ಕೆ ಸಂಚಕಾರ! ಆಮೇಲಿನ ತಲೆಮಾರುಗಳಲ್ಲಿ ಭಕ್ತರು ಈ ಪಟ್ಟಿಗಳನ್ನು ಹಿಡಿದು ಮೈ ಸವೆಸಿದರು.

ಶ್ನಿಯೊರ್ ಜಲ್ಮನ್ ಇದಕ್ಕೆ ಮೂರನೇ ಅಧ್ಯಾಯದಲ್ಲಿ ಕಡಿವಾಣ ಹಾಕುತ್ತಾರೆ. ಲೂರಿಯಾರ ಲೆಕ್ಕ ತಪ್ಪು ಅನ್ನುವುದಿಲ್ಲ, ಹಸೀದಿ ಗುರು ಹಾಗೆ ಹೇಳುವಂತೆಯೂ ಇಲ್ಲ. ಆದರೆ ಆರೋಗ್ಯಕ್ಕೆ ಪೆಟ್ಟು ಬೀಳುವವರು ಉಪವಾಸ ಮಾಡಕೂಡದು, ಈ ಕಾಲದವರಿಗೆ ಅಂಥ ಗಟ್ಟಿ ಮೈ ಇಲ್ಲ, ಉಪವಾಸದ ಬದಲು ದಾನ ಮಾಡಲಿ ಅನ್ನುತ್ತಾರೆ. ಒಂದು ಉಪವಾಸಕ್ಕೆ ಇಷ್ಟು ಹಣ. ಶ್ರೀಮಂತನಾದರೆ ಜಾಸ್ತಿ. ಆಗ ಯಾರೋ ನಿಯಮ ತೆಗೆಯುತ್ತಾರೆ: ಆಸ್ತಿಯ ಐದನೇ ಒಂದು ಪಾಲಿಗಿಂತ ಹೆಚ್ಚು ದಾನ ಮಾಡಬಾರದು ಅಂತ ತಾಲ್ಮುಡ್ ಹೇಳಿದೆಯಲ್ಲ? ಉತ್ತರ ನೇರವಾಗಿದೆ. ಮೈಗೆ ಕಾಯಿಲೆ ಬಂದರೆ ಔಷಧಿಗೆ ಐದನೇ ಒಂದು ಪಾಲು ಅಂತ ಲೆಕ್ಕ ಇಡುತ್ತೀಯಾ? ಆತ್ಮದ ಔಷಧಿ ಅದಕ್ಕಿಂತ ಕಡಿಮೆಯಾ? ಉಪವಾಸದ ಬದಲು ದಾನ ಕೊಡುವ ಪದ್ಧತಿ ಅವರ ಕಾಲಕ್ಕೆ ಹೊಸದಲ್ಲ. ಆದರೆ ತಪ್ಪಿತಸ್ಥನ ಹೊಟ್ಟೆ ಖಾಲಿ ಇರುವ ಬದಲು ಬಡವನ ಹೊಟ್ಟೆ ತುಂಬಲಿ ಅನ್ನುವ ಈ ತಿರುವು ಇಡೀ ಓಲೆಯ ಅತ್ಯಂತ ವಿವೇಕದ ಭಾಗ ಅಂತ ನನಗನ್ನಿಸುತ್ತದೆ.

ದೇಹದಂಡನೆ ಹೋಯಿತು. ಉಳಿಯುವುದೇನು? ಎರಡು ಹಂತದ ತೆಶುವಾ. ಜೋಹರ್ ಆ ಪದವನ್ನೇ ಒಡೆದು ಓದುತ್ತದೆ: ‘ತಾಶುವ್ ಹೇ’, ಹೇ ಅಕ್ಷರ ಮರಳಲಿ. ದೇವರ ಹೆಸರಿನಲ್ಲಿ ನಾಲ್ಕು ಅಕ್ಷರ, ಯೋದ್, ಹೇ, ವಾವ್, ಹೇ. ಹೇ ಎರಡು ಸಲ ಬರುತ್ತದೆ. ಕೊನೆಯ ಹೇ ಅಂದರೆ ನಮ್ಮ ನಡುವೆ ಇಳಿದು ಬಂದ ಶೆಖೀನಾ. ಪಾಪ ಕೆಳಗೆಳೆದದ್ದು ಅದನ್ನೇ. ಅದನ್ನು ಗಡಿಪಾರಿನಿಂದ ಎತ್ತುವುದು ಕೆಳಗಿನ ತೆಶುವಾ. ಇಲ್ಲಿ ಬೇಕಾದದ್ದು ಕರುಣೆ, ತನ್ನೊಳಗೆ ಸಿಕ್ಕಿಬಿದ್ದ ಆ ದೇವರ ಕಿಡಿಯ ಮೇಲೆ ಮರುಕ. ಅಯ್ಯೋ, ಎಲ್ಲಿದ್ದದ್ದು ಎಲ್ಲಿಗೆ ಬಂತು ಎಂದು ಮನಸ್ಸು ಒಡೆಯಬೇಕು. ನಡುರಾತ್ರಿ ಎದ್ದು ನೆಲದ ಮೇಲೆ ಕೂತು ದೇವಾಲಯಕ್ಕಾಗಿ ಅಳುವ ‘ತಿಕ್ಕುನ್ ಹತ್ಸೋತ್’ ಎಂಬ ಆಚರಣೆ ಈ ಹಂತದ್ದು.

ಆಮೇಲೆ ಮೇಲಿನ ತೆಶುವಾ. ಊದುವ ಮೊದಲು ಉಸಿರು ಹೇಗೆ ಒಳಗೇ ಇತ್ತೋ ಹಾಗೆ ಆತ್ಮ ಮೂಲಕ್ಕೆ ಅಂಟಿಕೊಳ್ಳುವುದು. ಅದಕ್ಕೆ ದಾರಿ ಟೋರಾದ ಓದು, ಪರೋಪಕಾರ. ದಿನಕ್ಕೆ ಒಂದು ಪುಟ ಓದುತ್ತಿದ್ದವನು ಎರಡು ಓದಲಿ ಎಂಬ ಹಳೆಯ ಸಲಹೆ ಇಲ್ಲಿ ಬರುತ್ತದೆ. ಯಾಕೆ ಎರಡು? ಹಗ್ಗದ ಉಪಮೆ ಮರಳುವುದು ಇಲ್ಲೇ. ಕಡಿದ ಹಗ್ಗವನ್ನು ಗಂಟು ಹಾಕಿದರೆ ಗಂಟಿನ ಜಾಗ ಎರಡರಷ್ಟು, ನಾಲ್ಕರಷ್ಟು ದಪ್ಪ. ಮೊದಲಿನ ಅಳತೆಯ ದಾರದಲ್ಲಿ ಗಂಟು ಬೀಳುವುದಿಲ್ಲ, ಜಾಸ್ತಿ ಬೇಕು.

ಅಂದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹೀಗಾಯಿತು: ನಂಟು ಸೊರಗುತ್ತದೆ, ಕೆಲವು ಸಲ ಕಡಿಯುತ್ತದೆ, ಆದರೆ ಮತ್ತೆ ಕಟ್ಟಿದಾಗ ಕಡಿದ ಜಾಗವೇ ಎಲ್ಲಕ್ಕಿಂತ ಗಟ್ಟಿ. ಮರಳಿ ಬಂದವರು ನಿಲ್ಲುವ ಜಾಗದಲ್ಲಿ ಎಂದೂ ತಪ್ಪದ ಸಜ್ಜನರೂ ನಿಲ್ಲಲಾರರು ಎಂದು ತಾಲ್ಮುಡ್ ಹೇಳಿದ್ದಕ್ಕೆ ಕಬ್ಬಾಲಿಗರು ಕೊಟ್ಟ ಕಾರಣ ಇದು.

ಕಟ್ಟುವವರು ಯಾರು? ತಾಲ್ಮುಡ್ಡಿನಲ್ಲಿ ಎಲಾಜಾರ್ ಬೆನ್ ದುರ್ದಯಾ ಎಂಬುವನ ಕಥೆಯಿದೆ. ಅವನು ಲೋಕದ ಯಾವ ವೇಶ್ಯೆಯನ್ನೂ ಬಿಟ್ಟವನಲ್ಲ. ಏಳು ನದಿ ದಾಟಿ ಒಬ್ಬಳ ಬಳಿ ಹೋದಾಗ ಅವಳು, ನಿನ್ನ ತೆಶುವಾವನ್ನು ಯಾರೂ ಒಪ್ಪುವುದಿಲ್ಲ ಅಂದುಬಿಟ್ಟಳು. ಮಾತು ನಾಟಿತು. ಅವನು ಎರಡು ಬೆಟ್ಟಗಳ ನಡುವೆ ಕೂತು, ಬೆಟ್ಟಗಳೇ ನನಗಾಗಿ ಬೇಡಿಕೊಳ್ಳಿ ಅಂದ. ನಮ್ಮದೇ ನಮಗೆ ಸಾಕಾಗಿದೆ ಅಂದವು. ಆಕಾಶ, ಭೂಮಿ, ಸೂರ್ಯ, ಚಂದ್ರ, ನಕ್ಷತ್ರ, ಎಲ್ಲ ಕೈಚೆಲ್ಲಿದವು. ಕೊನೆಗೆ, ಇದು ನನ್ನೊಬ್ಬನ ಮೇಲೇ ನಿಂತಿದೆ ಎಂದು ಮಂಡಿಗಳ ನಡುವೆ ತಲೆ ಹುದುಗಿಸಿ ಅತ್ತ. ಅಳುತ್ತಲೇ ಪ್ರಾಣ ಹೋಯಿತು. ‘ರಬ್ಬಿ ಎಲಾಜಾರ್ ಬೆನ್ ದುರ್ದಯಾ ಮುಂದಿನ ಲೋಕಕ್ಕೆ ಸಿದ್ಧ’ ಎಂದು ಆಕಾಶವಾಣಿ ಕೇಳಿತು. ಹಿರಿಯ ರಬ್ಬಿಯೊಬ್ಬರು ಇದನ್ನು ಕೇಳಿ ಅತ್ತರಂತೆ. ಒಪ್ಪಿಕೊಂಡದ್ದು ಸಾಲದು ಅಂತ ಅವನನ್ನು ರಬ್ಬಿ ಅಂತ ಬೇರೆ ಕರೆದರಲ್ಲ!

ಆದರೆ ಮತ್ತೆ ಮತ್ತೆ ಅದೇ ತಪ್ಪು ಮಾಡುವ ನಮ್ಮಂಥವರ ಗತಿ? ಹನ್ನೊಂದನೇ ಅಧ್ಯಾಯದಲ್ಲಿ ಒಂದು ಮಜವಾದ ತರ್ಕವಿದೆ. ಯಹೂದಿಗಳು ದಿನಕ್ಕೆ ಮೂರು ಸಲ ಪ್ರಾರ್ಥನೆಯಲ್ಲಿ ‘ನಮ್ಮನ್ನು ಕ್ಷಮಿಸು’ ಅನ್ನುತ್ತಾರೆ. ಅದರ ಬೆನ್ನಿಗೇ ‘ಹೇರಳವಾಗಿ ಕ್ಷಮಿಸುವವನಿಗೆ ಸ್ತುತಿ’ ಎಂದು ದೇವರ ಹೆಸರೆತ್ತಿ ಮುಗಿಸುತ್ತಾರೆ. ಯಹೂದಿ ಕಾನೂನಿನ ಪ್ರಕಾರ ಸಂಶಯ ಇರುವ ಕಡೆ ಇಂಥ ಸ್ತುತಿ ಹೇಳಕೂಡದು, ದೇವರ ಹೆಸರು ವ್ಯರ್ಥವಾಗುತ್ತದೆ. ಆದರೂ ಹೇಳುತ್ತಾರೆ. ಅಂದ ಮೇಲೆ ಕ್ಷಮೆ ಸಿಕ್ಕಿದೆ, ಸಂಶಯವಿಲ್ಲ! ಮನುಷ್ಯನಿಗೆ ಒಂದೇ ತಪ್ಪನ್ನು ಮೂರನೇ, ನಾಲ್ಕನೇ ಸಲ ಕ್ಷಮಿಸುವುದು ಕಷ್ಟ. ದೇವರಿಗೆ ಒಂದೂ ಅಷ್ಟೇ, ಸಾವಿರವೂ ಅಷ್ಟೇ. ಅನುಭಾವಿಯೊಬ್ಬರು ದೇವರ ಕರುಣೆಯನ್ನು ಕಾನೂನಿನ ಕಲಮಿನಿಂದ ಸಾಬೀತು ಮಾಡುವುದು ನೋಡಿ. ಯಹೂದಿ ಅನುಭಾವದ ಜಾಯಮಾನವೇ ಇದು.

ಹಾಗಂತ ಇದು ಪರವಾನಗಿಯಲ್ಲ. ‘ಪಾಪ ಮಾಡುತ್ತೇನೆ, ಆಮೇಲೆ ಮರಳುತ್ತೇನೆ’ ಅನ್ನುವವನಿಗೆ ಮರಳುವ ಅವಕಾಶ ಒದಗಿಸಿಕೊಡುವುದಿಲ್ಲ ಎಂದು ತಾಲ್ಮುಡ್ಡಿಗೆ ತಳಹದಿಯಾದ ಕಾನೂನು ಸಂಗ್ರಹ ಮಿಶ್ನಾ ಹೇಳಿದೆ. ಶ್ನಿಯೊರ್ ಜಲ್ಮನ್ ಇಲ್ಲೂ ಒಂದು ಕಿಂಡಿ ಹುಡುಕುತ್ತಾರೆ: ಒದಗಿಸಿಕೊಡುವುದಿಲ್ಲ ನಿಜ, ಅವನೇ ಬಾಗಿಲು ದೂಡಿಕೊಂಡು ಬಂದರೆ ಒಪ್ಪಿಕೊಳ್ಳುತ್ತಾರೆ. ಆದರೆ ಇತಿಹಾಸದಲ್ಲಿ ಈ ಮಾತುಗಳು ಹದ ತಪ್ಪಿದ್ದೂ ಇದೆ. ತಾನೇ ಮೆಸ್ಸಾಯ, ಯಹೂದಿಗಳು ಎದುರು ನೋಡುವ ವಿಮೋಚಕ, ಎಂದ ಶಬ್ಬತಾಯ್ ತ್ಸ್ವಿ 1666ರಲ್ಲಿ ಒಟ್ಟೋಮನ್ ಸುಲ್ತಾನನ ಮುಂದೆ ಇಸ್ಲಾಮಿಗೆ ಸೇರಿದಾಗ, ಅವನ ಅನುಯಾಯಿಗಳಲ್ಲಿ ಕೆಲವರು ಕತ್ತಲೆಯಲ್ಲಿ ಸಿಕ್ಕಿಬಿದ್ದ ದೇವರ ಕಿಡಿಗಳನ್ನು ಎತ್ತಲು ಕತ್ತಲೆಗೇ ಇಳಿಯಬೇಕು ಎಂದು ವಾದ ಹೂಡಿದರು. ಪಾಪವೇ ಪುಣ್ಯದ ದಾರಿಯಾಯಿತು. ಹಸೀದಿ ಗುರುಗಳು ಆಜ್ಞೆಗಳ ಪಾಲನೆಯ ಬಗ್ಗೆ ಅಷ್ಟು ಬಿಗಿಯಾಗಿರುವುದಕ್ಕೆ ಈ ಗಾಯವೂ ಒಂದು ಕಾರಣ.

ಅಳಬೇಕಾ, ನಗಬೇಕಾ ಅಂತಲೂ ಕೆಲವರು ಕೇಳುತ್ತಾರೆ. ಎರಡೂ. ಹೃದಯದ ಒಂದು ಮಗ್ಗುಲಲ್ಲಿ ಅಳು, ಇನ್ನೊಂದು ಮಗ್ಗುಲಲ್ಲಿ ಆನಂದ ಎಂಬ ಜೋಹರಿನ ಮಾತನ್ನು ಓಲೆ ಎತ್ತಿಕೊಳ್ಳುತ್ತದೆ. ದಿನವಿಡೀ ಮುಖ ಜೋಲುಬಿಟ್ಟುಕೊಂಡು ತಿರುಗುವುದು ಹಸೀದಿಗಳ ಕಣ್ಣಿನಲ್ಲಿ ಭಕ್ತಿಯಲ್ಲ.

ಒಂದು ಮುಖ್ಯ ವಿಷಯ ಅನುಭಾವದ ಗದ್ದಲದಲ್ಲಿ ಮರೆಯಾಗಬಾರದು. ದೇವರಿಗೆ ಮಾಡಿದ ತಪ್ಪಿಗೆ ಯೋಮ್ ಕಿಪ್ಪುರ್ ಪರಿಹಾರ. ಪಕ್ಕದ ಮನೆಯವನಿಗೆ ಮಾಡಿದ ತಪ್ಪಿಗೆ, ಅವನನ್ನು ಸಮಾಧಾನ ಮಾಡುವ ತನಕ ಯಾವ ಯೋಮ್ ಕಿಪ್ಪುರೂ ಇಲ್ಲ. ಮಿಶ್ನಾದ ಈ ಕಟ್ಟಳೆಯನ್ನು ಯಾವ ಕಬ್ಬಾಲಿಗರೂ ಸಡಿಲಿಸಲಿಲ್ಲ.

ಕೊನೆಯ ಪ್ರಶ್ನೆ, ಯಹೂದಿಯಲ್ಲದವರ ವಿಷಯ. ಇಲ್ಲಿ ಸಕ್ಕರೆ ಲೇಪಿಸಿ ಹೇಳುವುದು ಬೇಡ. ಆ ಎರಡನೇ, ದೈವಿಕ ಆತ್ಮವನ್ನು ತನ್ಯಾ ಹೇಳುವುದು ಯಹೂದಿಗಳಿಗೆ ಮಾತ್ರ. ಬೇರೆ ಜನಾಂಗಗಳ ಆತ್ಮದ ಬಗ್ಗೆ ಅದರ ಮೊದಲ ಅಧ್ಯಾಯದ ಕೊನೆಯಲ್ಲಿರುವ ಮಾತು ಇವತ್ತಿನ ಓದುಗರಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಯಹೂದಿಗಳಲ್ಲೇ ಅನೇಕರಿಗೆ ಇಳಿಯುವುದಿಲ್ಲ. 613 ಎಳೆಗಳ ಹಗ್ಗವೂ ಅವರ ಒಡಂಬಡಿಕೆಗೆ ಸೇರಿದ್ದು.

ಆದರೆ ತೆಶುವಾ ಅದಕ್ಕಿಂತ ಹಳೆಯದು. ಲೋಕ ಹುಟ್ಟುವ ಮೊದಲೇ ಸೃಷ್ಟಿಯಾದ ಏಳು ಸಂಗತಿಗಳಲ್ಲಿ ತೆಶುವಾ ಒಂದು ಎಂದು ತಾಲ್ಮುಡ್ ಎಣಿಸುತ್ತದೆ. ಯೋಮ್ ಕಿಪ್ಪುರ್ ದಿನ ಮಧ್ಯಾಹ್ನ, ವರ್ಷದ ಅತಿ ಪವಿತ್ರ ಹೊತ್ತಿನಲ್ಲಿ, ಸಿನಗಾಗ್‌ ಎಂಬ ಪ್ರಾರ್ಥನಾಮಂದಿರಗಳಲ್ಲಿ ಓದುವುದು ಬೈಬಲ್ಲಿನ ಯೋನನ ಪುಸ್ತಕ. ಅಲ್ಲಿ ಮರಳಿ ಬರುವವರು ನಿನೆವೆ ಊರಿನವರು, ಯಹೂದಿಗಳಲ್ಲ. ದೇವರು ಅವರ ಗೋಣಿತಟ್ಟನ್ನು, ಉಪವಾಸವನ್ನು ನೋಡಿದ ಎಂದು ಬರೆದಿಲ್ಲ, ಅವರ ಕೆಲಸವನ್ನು ನೋಡಿದ ಎಂದು ಬರೆದಿದೆ ಎಂಬುದನ್ನು ಮಿಶ್ನಾ ಎತ್ತಿ ಹೇಳುತ್ತದೆ. ಏನು ಕೆಲಸ? ಒಂದು ತೊಲೆ ಕದ್ದು ಅರಮನೆಗೆ ಹಾಕಿದ್ದವನು ಇಡೀ ಅರಮನೆ ಕೆಡವಿ ತೊಲೆ ಹಿಂದಿರುಗಿಸಿದ ಎಂದು ತಾಲ್ಮುಡ್ ವಿವರಿಸುತ್ತದೆ. ಎಲ್ಲರಿಂದಲೂ ಅದು ಆಗುವುದಿಲ್ಲ ಎಂದು ರಬ್ಬಿಗಳಿಗೆ ಗೊತ್ತಿತ್ತು. ಅದಕ್ಕೇ ಮರಳುವವರ ಅನುಕೂಲಕ್ಕೆಂದು ಒಂದು ನಿಯಮ ಮಾಡಿದರು: ಕದ್ದ ತೊಲೆ ಮನೆಯೊಳಗೆ ಸೇರಿಹೋಗಿದ್ದರೆ ಮನೆ ಕೆಡವಬೇಕಿಲ್ಲ, ತೊಲೆಯ ಬೆಲೆ ಕೊಟ್ಟರೆ ಸಾಕು.